ಕ್ಯಾಪ್ಟನ್ ತೆಜುಕಾ, ನಮ್ ಕ್ಯಾಪ್ಟನ್, ಮತ್ತೆ ಬೆಂಚ್ ಮೇಲೆ ಕೂತಿದ್ದ ನಾನು

ಹಿಂದುಗಡೆ ಒಂದು ಸದ್ದು ಬರ್ತಿದ್ಯಲ್ಲ, ಅದು ಮೈಕ್ ಸಮಸ್ಯೆ ಅಲ್ಲ, ಮಳೆ. ಊರಿಗೆ ಬಂದಿದ್ದೀನಿ, ಮಾಸ್ತಿಕಟ್ಟೆಗೆ. ಮಳೆಗಾಲದಲ್ಲಿ ಪೇಪರ್‌ನ ಒಂದು ಮೂಲೆಯಲ್ಲಿ ಮಳೆ ಲೆಕ್ಕ ಹಾಕಿರ್ತಾರೆ ನೋಡಿ, ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಅಂತ. ಆ ಪಟ್ಟಿಯಲ್ಲಿರೋ ಮಾಸ್ತಿಕಟ್ಟೆ ನಮ್ದೇ. ಬೆಂಗಳೂರಲ್ಲಿ ನನ್ನ ಊರು ಯಾವ್ದು ಅಂದ್ರೆ ಯಾರಿಗೂ ಗೊತ್ತಾಗಲ್ಲ, ವಾರಾಹಿ ಪ್ರಾಜೆಕ್ಟ್ ಅಂದ್ರೆ ಕೆಲವರು ತಲೆ ಆಡಿಸ್ತಾರೆ, ಹುಲಿಕಲ್ ಘಾಟಿ ಅಂದ್ರೆ ಬೈಕ್ ಇರೋರು ‘ಓ’ ಅಂತಾರೆ. ಇರ್ಲಿ. ಮನೆಯಲ್ಲಿರೋ ಕಂಬಳಿಯನ್ನೆಲ್ಲ ಕಿಟಕಿಗೆ ಕಟ್ಟಿದ್ದೀನಿ. ಇದಕ್ಕಿಂತ ಒಳ್ಳೆ ಸ್ಟುಡಿಯೋ ಇಲ್ಲಿ ಸಿಗಲ್ಲ.

ಇವತ್ತಿನ ವಿಷಯ ಒಂದು ಜಪಾನೀ ಮಾಂಗಾ. ಹೆಸರು ‘ದಿ ಪ್ರಿನ್ಸ್ ಆಫ್ ಟೆನಿಸ್’. ಬರೆದವರು ಕೊನೊಮಿ ತಾಕೆಶಿ. ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ 1999ರಿಂದ 2008ರವರೆಗೆ ಬಂತು, ಒಟ್ಟು 42 ಸಂಪುಟ. ಅದರ ಅನಿಮೆ 2001ರಲ್ಲಿ ಶುರುವಾಯ್ತು, 178 ಎಪಿಸೋಡು. ನಾನು ಅದನ್ನ ನೋಡಿದ್ದು ಲಾಕ್‌ಡೌನ್ ಟೈಮಲ್ಲಿ. ಇಲ್ಲೇ ಮನೆ ಹಿಂದಿನ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗೋ ಜಾಗದಲ್ಲಿ ಡೌನ್‌ಲೋಡ್‌ಗೆ ಹಾಕಿ, ಕೆಳಗೆ ಬಂದು ನೋಡೋದು. ಉಂಬಳ ಕಚ್ಚಿಸ್ಕೊಂಡು ಅನಿಮೆ ನೋಡಿದವರಲ್ಲಿ ನಾನೂ ಒಬ್ಬ.

ಕಥೆಯ ಹೀರೋ ಎಚಿಜೆನ್ ರ್ಯೋಮಾ ಅನ್ನೋ ಪುಟ್ಟ ಹುಡುಗ. ಬಿಳಿ ಟೋಪಿ, ಬಾಯಿ ಜೋರು. ಆದ್ರೆ ನಾನು ಮಾತಾಡೋಕೆ ಹೊರಟಿರೋದು ಅವನ ಬಗ್ಗೆ ಅಲ್ಲ, ಅವನ ಶಾಲೆಯ ಕ್ಯಾಪ್ಟನ್ ಬಗ್ಗೆ. ತೆಜುಕಾ ಕುನಿಮಿತ್ಸು. ಶಾಲೆ ಹೆಸರು ಸೇಶುನ್ ಗಾಕುಎನ್, ಎಲ್ಲರೂ ಚಿಕ್ಕದಾಗಿ ಸೇಗಾಕು ಅಂತಾರೆ. ತೆಜುಕಾ ಅಲ್ಲಿ ಮಿಡ್ಲ್ ಸ್ಕೂಲ್ ಮೂರನೇ ವರ್ಷ, ನಮ್ಮ ಲೆಕ್ಕದಲ್ಲಿ ಒಂಬತ್ತನೇ ಕ್ಲಾಸು. ಎಡಗೈ ಆಟಗಾರ. ಕನ್ನಡಕ. ನಗೋದೇ ಇಲ್ಲ. ಯಾರಾದ್ರೂ ತಪ್ಪು ಮಾಡಿದ್ರೆ ‘ಗ್ರೌಂಡ್ ಸುತ್ತು’ ಅಂತ ಒಂದೇ ಮಾತು. ಬೆಟ್ಟ ಹತ್ತೋದು, ಮೀನು ಹಿಡಿಯೋದು ಅವನ ಹವ್ಯಾಸ. ಅಂದ್ರೆ ನಮ್ಮ ಕಡೆ ಹುಟ್ಟಿದ್ರೂ ಹೊಂದ್ಕೊಂಡು ಹೋಗ್ತಿದ್ದ ಪ್ರಾಣಿ.

ಆಟ ಹೇಗೆ ಅಂತೀರಾ? ಅವನದೊಂದು ಡ್ರಾಪ್ ಶಾಟ್ ಇದೆ. ನೆಟ್ ದಾಟಿ ಬಿದ್ದ ಚೆಂಡು ಪುಟಿಯೋದೇ ಇಲ್ಲ, ನೆಟ್ ಕಡೆಗೇ ವಾಪಸ್ ಉರುಳುತ್ತೆ. ಇನ್ನೊಂದಕ್ಕೆ ‘ತೆಜುಕಾ ಝೋನ್’ ಅಂತ ಹೆಸರು. ಅವನು ಚೆಂಡಿಗೆ ಕೊಟ್ಟಿರೋ ತಿರುವಿನಿಂದಾಗಿ ಎದುರಾಳಿ ಎಲ್ಲಿಗೇ ಹೊಡೆದ್ರೂ ಅದು ತೆಜುಕಾ ನಿಂತಲ್ಲಿಗೇ ಬರುತ್ತೆ. ಇವನು ಒಂದು ಹೆಜ್ಜೆ ಆಚೀಚೆ ಹೋಗಲ್ಲ. ಇದೆಲ್ಲ ಆಗೋ ಹೋಗೋ ಮಾತಲ್ಲ ಬಿಡಿ. ಕೆಳತಿರುವು ಕೊಟ್ರೆ ಚೆಂಡು ಪುಟಿದು ಹಿಂದಕ್ಕೆ ಬರೋದು ನಿಜವಾದ ಟೆನಿಸ್‌ನಲ್ಲೂ ಉಂಟು, ಅದನ್ನ ಎಳೆದೂ ಎಳೆದೂ ಮಾಂಗಾ ಮಾಡಿದ್ದಾರೆ. ಮುಂದೆ ಮುಂದೆ ಈ ಸರಣಿಯಲ್ಲಿ ಹುಡುಗ್ರ ಮೈಯಿಂದ ಬೆಳಕೆಲ್ಲ ಬರುತ್ತೆ. ಆ ಭಾಗ ನನಗೆ ಅಷ್ಟಕ್ಕಷ್ಟೆ.

ಆದ್ರೆ ಇಷ್ಟೆಲ್ಲ ಉತ್ಪ್ರೇಕ್ಷೆ ಮಧ್ಯೆ ಒಂದು ವಿಷಯ ಮಾತ್ರ ಪಕ್ಕಾ ನಿಜದ ಥರ ಇದೆ. ತೆಜುಕಾನ ಕೈ ನೋವು.

ಅದು ಶುರುವಾಗಿದ್ದು ಅವನು ಮೊದಲನೇ ವರ್ಷದಲ್ಲಿದ್ದಾಗ. ಸೀನಿಯರ್‌ಗಳನ್ನೇ ಸೋಲಿಸ್ತಾನೆ ಅಂತ ಒಬ್ಬ ಸೀನಿಯರ್‌ಗೆ ಹೊಟ್ಟೆಕಿಚ್ಚು. ರಾಕೆಟ್ ತಗೊಂಡು ಎಡಗೈಗೇ ಹೊಡೀತಾನೆ. ತೆಜುಕಾ ಸಿಟ್ಟಾಗಿ ಕ್ಲಬ್ಬೇ ಬೇಡ ಅಂತ ಹೊರಡ್ತಾನೆ. ಆಗ ಇದ್ದ ಕ್ಯಾಪ್ಟನ್ ಹೆಸರು ಯಾಮಾತೊ. ಅವನು ಎಲ್ಲರನ್ನೂ ಗ್ರೌಂಡ್ ಸುತ್ತಿಸಿ, ತೆಜುಕಾನ ತಡೆದು, ನೀನು ಸೇಗಾಕುವಿನ ಕಂಬ ಆಗ್ಬೇಕು ಅಂತಾನೆ. ಕಂಬ. ಈ ಪದ ನೆನಪಿಟ್ಕೊಳ್ಳಿ. ಹನ್ನೆರಡೋ ಹದಿಮೂರೋ ವರ್ಷದ ಹುಡುಗನಿಗೆ, ಅದೂ ಕೈಗೆ ಪೆಟ್ಟಾಗಿರೋ ಹುಡುಗನಿಗೆ, ನೀನು ಕಂಬ ಆಗು ಅನ್ನೋದು. ಅವನು ಆಗ್ತಾನೆ.

ಈಗ ಆ ಮ್ಯಾಚಿಗೆ ಬರೋಣ. ಕಾಂತೋ ಪ್ರಾಂತ್ಯದ ಟೂರ್ನಮೆಂಟು, ಮೊದಲನೇ ಸುತ್ತು. ಎದುರಾಳಿ ಹ್ಯೋತೇ ಅನ್ನೋ ಶ್ರೀಮಂತರ ಶಾಲೆ. ಅದರ ಕ್ಯಾಪ್ಟನ್ ಅತೋಬೆ ಕೇಗೊ. ಪಂದ್ಯದಲ್ಲಿ ಎರಡು ಡಬಲ್ಸ್, ಮೂರು ಸಿಂಗಲ್ಸ್. ಸೇಗಾಕು ಎರಡು ಗೆದ್ದಿದೆ, ಒಂದು ಸೋತಿದೆ, ಇನ್ನೊಂದರಲ್ಲಿ ಇಬ್ಬರಿಗೂ ಗಾಯ ಆಗಿ ಫಲಿತಾಂಶವೇ ಇಲ್ಲ. ಕೊನೆಯದು ಕ್ಯಾಪ್ಟನ್ ವಿರುದ್ಧ ಕ್ಯಾಪ್ಟನ್. ಅತೋಬೆಗೆ ಎದುರಾಳಿಯ ದೌರ್ಬಲ್ಯ ಕಂಡುಹಿಡಿಯೋದರಲ್ಲಿ ವಿಪರೀತ ಕಣ್ಣು. ತೆಜುಕಾನ ಮೊಣಕೈ ವಿಷಯ ಅವನಿಗೆ ಗೊತ್ತಾಗುತ್ತೆ. ಹಾಗಾಗಿ ಬೇಗ ಪಾಯಿಂಟ್ ಮುಗಿಸೋಕೆ ಹೋಗಲ್ಲ, ಬೇಕಂತಲೇ ಆಟ ಎಳೀತಾನೆ. ಒಂದೋ ಬೇಗ ಗೆಲ್ಲೋ ಆತುರಕ್ಕೆ ಬಿದ್ದು ತೆಜುಕಾ ತಪ್ಪು ಮಾಡ್ಬೇಕು, ಇಲ್ಲಾ ಕೈ ಹಾಳು ಮಾಡ್ಕೊಳ್ಬೇಕು. ತೆಜುಕಾ ಎರಡನೆಯದನ್ನ ಆರಿಸ್ಕೊಳ್ತಾನೆ. ಇನ್ನೇನು ಗೆದ್ದ ಅನ್ನೋ ಹೊತ್ತಿಗೆ ಭುಜ ಹಿಡಿದು ಕುಸೀತಾನೆ.

ಮೊಣಕೈ ನೋವಿದ್ದವನಿಗೆ ಭುಜ ಯಾಕೆ ಹೋಯ್ತು? ಇಲ್ಲಿ ಕೊನೊಮಿ ಅವರು ಸರಿಯಾಗೇ ಬರ್ದಿದ್ದಾರೆ. ಸರ್ವಿಸ್ ಮಾಡುವಾಗ ಬಲ ಹುಟ್ಟೋದು ಕೈಯಲ್ಲಿ ಅಲ್ಲ. ಕಾಲಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಅಲ್ಲಿಂದ ಮೊಣಕೈ, ಮಣಿಕಟ್ಟು, ಹೀಗೆ ಸರಪಳಿ ಥರ ಬರುತ್ತೆ. ಒಂದು ಕೊಂಡಿ ನೋಯ್ತಿದೆ ಅಂತ ಅದನ್ನ ಕಾಪಾಡ್ಕೊಂಡು ಆಡಿದ್ರೆ ಪಕ್ಕದ ಕೊಂಡಿಗೆ ಹೆಚ್ಚಿನ ಹೊರೆ ಬೀಳುತ್ತೆ. ಹದಿನಾಲ್ಕು ಹದಿನೈದು ವರ್ಷಕ್ಕೆ ಮೂಳೆಯ ತುದಿಗಳು ಇನ್ನೂ ಬೆಳೀತಾ ಇರ್ತವೆ, ಪೂರ್ತಿ ಗಟ್ಟಿ ಆಗಿರಲ್ಲ. ಒಂದೇ ಚಲನೆ ಸಾವಿರ ಸಲ ಮಾಡಿದ್ರೆ ಮೊದಲು ಪೆಟ್ಟು ಬೀಳೋದು ಅಲ್ಲೇ. ನಾನು ಬಿ.ಕಾಂ ಓದಿದವನು, ವೈದ್ಯ ಅಲ್ಲ. ನನಗೆ ಗೊತ್ತಿರೋ ಭಾಷೆಯಲ್ಲಿ ಹೇಳೋದಾದ್ರೆ ಇದು ಡಿಪ್ರಿಸಿಯೇಶನ್, ಸವಕಳಿ. ಮಿಲ್ಲಿನ ಮೆಷಿನ್‌ಗೆ ಪ್ರತಿ ವರ್ಷ ಸವಕಳಿ ಬರೀತೀವಿ. ಶಾಲೆ ಹುಡುಗನ ಭುಜಕ್ಕೆ ಯಾರೂ ಬರೆಯಲ್ಲ, ಅದು ಹೊಸದು ಅಂತಾನೇ ಅಂದ್ಕೊಂಡಿರ್ತಾರೆ.

ತೆಜುಕಾ ಮತ್ತೆ ಎದ್ದು ನಿಲ್ತಾನೆ. ಸ್ಕೋರು 6–6, ಟೈ ಬ್ರೇಕರ್. ಟೆನಿಸ್ ಗೊತ್ತಿಲ್ಲದೋರಿಗೆ: ಇದರಲ್ಲಿ ಮೊದಲು ಏಳು ಪಾಯಿಂಟ್ ಮಾಡಿದವನು ಗೆದ್ದ, ಆದ್ರೆ ಎರಡು ಪಾಯಿಂಟ್ ಮುಂದಿರ್ಬೇಕು. ಇಲ್ಲಾಂದ್ರೆ ಮುಂದುವರೀತಾ ಹೋಗುತ್ತೆ. ಇವರಿಬ್ಬರದು ಹೋಗಿದ್ದು 35–37ರವರೆಗೆ. ಬರೀ ಟೈ ಬ್ರೇಕರ್‌ನಲ್ಲೇ 72 ಪಾಯಿಂಟು! ಕೊನೆಗೆ ತೆಜುಕಾ ಸೋಲ್ತಾನೆ. ಅಭಿಮಾನಿಗಳು ಇದನ್ನ ಇಡೀ ಸರಣಿಯ ಶ್ರೇಷ್ಠ ಪಂದ್ಯ ಅಂತಾರೆ. ನಾನೂ ಮೊದಲ ಸಲ ನೋಡಿದಾಗ ಅತ್ತಿದ್ದೀನಿ, ಸುಳ್ಳು ಯಾಕೆ ಹೇಳ್ಲಿ.

ಎರಡನೇ ಸಲ ನೋಡಿದಾಗ ಲೆಕ್ಕ ಹಾಕ್ದೆ. ತೆಜುಕಾ ಸೋತ ಮೇಲೆ ಎರಡು ಶಾಲೆಗಳೂ 2–2 ಸಮ. ಆಗ ಇಬ್ಬರ ಕಡೆಯಿಂದಲೂ ರಿಸರ್ವ್ ಆಟಗಾರರು ಇಳೀಬೇಕು. ಸೇಗಾಕು ಕಡೆಯಿಂದ ಇಳಿದಿದ್ದು ರ್ಯೋಮಾ, 6–4ರಲ್ಲಿ ಗೆದ್ದ, ಶಾಲೆ ಮುಂದಿನ ಸುತ್ತಿಗೆ ಹೋಯ್ತು. ಈಗ ನೀವೇ ಹೇಳಿ, ತೆಜುಕಾ ಭುಜ ಹಿಡ್ಕೊಂಡು ಕುಸಿದಾಗಲೇ ಸಾಕು ಅಂತ ಬಿಟ್ಟುಕೊಟ್ಟಿದ್ರೆ ಏನಾಗ್ತಿತ್ತು? ಅದೇ 2–2. ಅದೇ ರ್ಯೋಮಾ. ಅದೇ ಫಲಿತಾಂಶ. ಆ ಟೈ ಬ್ರೇಕರ್ ಶಾಲೆಯ ಖಾತೆಗೆ ಒಂದು ರೂಪಾಯಿ ಜಮಾ ಮಾಡ್ಲಿಲ್ಲ. ಖರ್ಚಾಗಿದ್ದು ಭುಜ. ಆಮೇಲೆ ಅವನು ತಂಡ ಬಿಟ್ಟು ಚಿಕಿತ್ಸೆಗೆ ದೂರದ ಮಿಯಾಜಾಕಿಗೆ ಹೋಗ್ತಾನೆ. ಅನಿಮೆಯಲ್ಲಿ ಅದನ್ನ ಜರ್ಮನಿ ಮಾಡಿದ್ದಾರೆ.

ಅವನ ಆಟದಿಂದ ರ್ಯೋಮಾಗೆ ಸ್ಫೂರ್ತಿ ಬಂತು ಅಂತ ನೀವು ಹೇಳ್ಬಹುದು. ಹೌದು, ಕಥೆ ಕಟ್ಟಿರೋದೇ ಹಾಗೆ. ಅದೂ ಸುಳ್ಳಲ್ಲ. ಆದ್ರೆ ನಾನು ಈ ಮ್ಯಾಚನ್ನ ಬೆಂಚ್ ಕಡೆಯಿಂದ ನೋಡ್ತೀನಿ. ಯಾಕಂದ್ರೆ ನಾನು ಕೂತಿದ್ದು ಅಲ್ಲೇ.

ನಮ್ಮ ಹೈಸ್ಕೂಲಲ್ಲಿ ಟೆನಿಸ್ ಎಲ್ಲಿಂದ ಬರ್ಬೇಕು. ವಾಲಿಬಾಲ್. ಮಳೆಗಾಲ ಪೂರ್ತಿ ಕೋರ್ಟು ಕೆಸರು ಗದ್ದೆ. ಸ್ವಲ್ಪ ಬಿಸಿಲು ಬಿದ್ದ ತಕ್ಷಣ ಜಲ್ಲಿಪುಡಿ ಹಾಕಿ, ಸುಣ್ಣದಲ್ಲಿ ಗೆರೆ ಎಳೆದು, ಬರಿಗಾಲಲ್ಲಿ ಆಟ. ನಮಗೊಬ್ಬ ಕ್ಯಾಪ್ಟನ್ ಇದ್ದ. ಅವನ ಹೆಸರು ಹೇಳಲ್ಲ, ಶಾಲೆ ಹೆಸರೂ ಬೇಡ. ಊರಲ್ಲಿ ಇವತ್ತಿಗೂ ಅವನನ್ನ ಕ್ಯಾಪ್ಟನ್ ಅಂತಲೇ ಕರೆಯೋದು. ನನಗಿಂತ ಒಂದು ವರ್ಷ ಮುಂದೆ. ಅವನು ಸ್ಮ್ಯಾಶ್ ಹೊಡೆದ್ರೆ ಬಾಲ್ ಬಿದ್ದಲ್ಲಿ ಕುಳಿ ಬೀಳ್ತಿತ್ತು. ನಮ್ಮ ಪ್ಲ್ಯಾನ್ ಏನಪ್ಪಾ ಅಂದ್ರೆ, ಹೇಗೋ ಬಾಲ್ ಎತ್ತಿ ಕ್ಯಾಪ್ಟನ್‌ಗೆ ಕೊಡೋದು. ಅಷ್ಟೇ ಪ್ಲ್ಯಾನು. ಐದು ಜನ ಎತ್ತೋರು, ಒಬ್ಬ ಹೊಡೆಯೋನು. ನಾನು ಆ ಐದರಲ್ಲೂ ಇರ್ಲಿಲ್ಲ. ನಾನು ಎಕ್ಸ್‌ಟ್ರಾ. ನೀರಿನ ಕ್ಯಾನು, ಎಲ್ಲರ ಬ್ಯಾಗು, ಇವಕ್ಕೆ ನಾನು ಕ್ಯಾಪ್ಟನ್.

ವಲಯ ಮಟ್ಟ ಗೆದ್ವಿ. ತಾಲ್ಲೂಕು ಮಟ್ಟಕ್ಕೆ ಹೋಗೋ ಎರಡು ವಾರ ಮೊದಲೇ ಅವನ ಬಲಭುಜ ನೋಯ್ತಿತ್ತು. ಮನೆಯಲ್ಲಿ ಎಣ್ಣೆ ಕಾಯಿಸಿ ನೀವಿದ್ರು. ಯಾರೋ ಉಳುಕು ಅಂದ್ರು, ಯಾರೋ ವಾಯು ಅಂದ್ರು. ಆಸ್ಪತ್ರೆಗೆ ಹೋಗ್ಬೇಕು ಅಂತ ಯಾರಿಗೂ ಅನಿಸ್ಲಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಎಲ್ಲರ ಭುಜವೂ ನೋಯುತ್ತೆ, ಅದಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗ್ತಾರೆ? ಫೈನಲ್ ದಿನ ಮೊದಲ ಸೆಟ್ ಆದ್ಮೇಲೆ ಅವನು ಬಂದು ನನ್ನ ಪಕ್ಕ ಕೂತ. ನೀರು ಕೊಟ್ಟೆ. ಬಲಗೈಯಲ್ಲಿ ಲೋಟ ಎತ್ತೋಕೆ ಆಗ್ಲಿಲ್ಲ, ಎಡಗೈಗೆ ತಗೊಂಡ.

‘ಕೈ ಎತ್ತೋಕೆ ಆಗ್ತಿಲ್ಲ ಮಾರಾಯ. ಒಂದು ಸೆಟ್ ನೀನು ಆಡ್ತೀಯಾ?’ ಅಂದ.

ನನಗೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯ್ತು. ಸುತ್ತ ಅಷ್ಟು ಜನ. ನಾನು ಸರ್ವಿಸ್ ಮಾಡಿದ್ರೆ ನೆಟ್ ದಾಟೋದು ಹತ್ತಕ್ಕೆ ನಾಲ್ಕು ಸಲ. ನಾನು ಇಳಿದು ಸೋತ್ರೆ ಇಡೀ ಊರು ನನ್ನ ಹೆಸರು ಹೇಳುತ್ತೆ. ಇಷ್ಟೂ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡ್ತು. ಬಾಯಲ್ಲಿ ಬಂದಿದ್ದು ಬೇರೆ. ‘ಎಂತದೂ ಆಗಲ್ಲ ಕ್ಯಾಪ್ಟನ್, ಇನ್ನೊಂದು ಸೆಟ್ ಅಷ್ಟೇ. ನೀನಿಲ್ದೆ ನಮ್ಮ ಕೈಲಿ ಎಂತ ಆಗುತ್ತೆ?’ ಅಂದೆ. ಉಳಿದವರೂ ಬಂದು ಅದನ್ನೇ ಅಂದ್ರು. ಆದ್ರೆ ಅವನು ಕೇಳಿದ್ದು ನನ್ನನ್ನ. ಮೊದಲು ಹೇಳಿದ್ದೂ ನಾನೇ.

ಅವನು ಆಡಿದ. ಸೋತ್ವಿ. ಅವನು ಮತ್ತೆ ಯಾವತ್ತೂ ಸ್ಮ್ಯಾಶ್ ಹೊಡೀಲಿಲ್ಲ. ಇಲ್ಲಿ ಸಿನಿಮಾ ಥರ ಏನೂ ಇಲ್ಲ, ಯಾರೂ ಕುಸಿದು ಬೀಳ್ಲಿಲ್ಲ. ಮುಂದಿನ ವಾರ ಆಡಕ್ಕೆ ಬರ್ಲಿಲ್ಲ, ಆಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು, ಆಮೇಲೆ ಎಲ್ಲರೂ ಮರ್ತ್ವಿ. ಪಿಯುಸಿಯಲ್ಲಿದ್ದಾಗ ಒಬ್ಬರು ಡಾಕ್ಟರ್ ನೋಡಿ, ಅವಾಗಲೇ ಕೈಗೆ ವಿಶ್ರಾಂತಿ ಕೊಟ್ಟು ಸರಿಯಾಗಿ ವ್ಯಾಯಾಮ ಮಾಡಿಸಿದ್ರೆ ಇಷ್ಟಾಗ್ತಿರ್ಲಿಲ್ಲ ಅಂದ್ರಂತೆ.

ಹಾಗಾಗಿ, ಲಾಕ್‌ಡೌನಲ್ಲಿ ಆ ಗುಡ್ಡದ ಕೆಳಗೆ ಕೂತು ತೆಜುಕಾ–ಅತೋಬೆ ಮ್ಯಾಚ್ ನೋಡುವಾಗ ನನಗೆ ಅಳು ಬಂದಿದ್ದು ತೆಜುಕಾಗೋಸ್ಕರ ಪೂರ್ತಿ ಅಲ್ಲ. ರ್ಯೋಮಾ ರಾಕೆಟ್ ಹಿಡ್ಕೊಂಡು ಎದ್ದು ನಿಲ್ತಾನಲ್ಲ, ಆ ಫ್ರೇಮಿಗೆ. ಅವನೂ ರಿಸರ್ವೇ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು.

ಇಲ್ಲಿ ಒಂದು ಸಣ್ಣ ಬ್ರೇಕ್ ತಗೊಂಡು ನಮ್ಮ ರಾಜ್ಯದ ಟೆನಿಸ್‌ಗೆ ಬರ್ತೀನಿ. ತೆಜುಕಾ ಹದಿನಾಲ್ಕಕ್ಕೇ ಕಂಬ. ನಮ್ಮ ಕೊಡಗಿನ ರೋಹನ್ ಬೋಪಣ್ಣ ರಾಕೆಟ್ ಹಿಡಿದಿದ್ದೇ ಹನ್ನೊಂದನೇ ವಯಸ್ಸಿಗೆ. ಟೆನಿಸ್ ಲೆಕ್ಕದಲ್ಲಿ ಅದು ತಡ. ಸರ್ವಿಸ್‌ಗೆ ಬಲ ಬರ್ಲಿ ಅಂತ ಮರದ ದಿಮ್ಮಿ ಕಡಿದದ್ದು, ಕಾಫಿ ತೋಟದೊಳಗೆ ಓಡಿದ್ದು, ಇದನ್ನೆಲ್ಲ ಅವರೇ ಹೇಳ್ಕೊಂಡಿದ್ದಾರೆ. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಕುರೇಶಿ ಜೊತೆ ಯುಎಸ್ ಓಪನ್ ಫೈನಲ್‌ಗೆ ಹೋಗಿ ಬ್ರಯಾನ್ ಸೋದರರ ಎದುರು ಸೋತ್ರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯ ಸೋತು ನಾಲ್ಕನೇ ಸ್ಥಾನ. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಬಂತು. ಆಮೇಲೆ ಮಂಡಿ ಕೈಕೊಡ್ತು. ಕಾರ್ಟಿಲೇಜ್ ಸವೆದು ಹೋಗಿ ನೋವಿನ ಮಾತ್ರೆ ತಗೊಂಡು ಆಡೋ ಪರಿಸ್ಥಿತಿ. 2021ರಲ್ಲಿ ಮೇಲಿಂದ ಮೇಲೆ ಸೋತು ಸೋತು, ಪೋರ್ಚುಗಲ್‌ನಲ್ಲಿ ಸಮುದ್ರ ನೋಡ್ತಾ ಕೂತು, ಇನ್ನು ಯಾಕೆ ಆಡ್ಬೇಕು ಅಂತ ಯೋಚಿಸಿದ್ರಂತೆ. ಅವರ ಮಂಡಿಗೆ ಆಧಾರ ಆಗಿದ್ದು ಅಯ್ಯಂಗಾರ್ ಯೋಗ. ಆ ಯೋಗ ಪದ್ಧತಿಯ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ನಮ್ಮ ಕೋಲಾರ ಕಡೆಯ ಬೆಳ್ಳೂರಿನವರೇ. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಬೋಪಣ್ಣಗೆ 43 ವರ್ಷ. ಅದೇ ಸಮಯಕ್ಕೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1. ಆ ಫೈನಲ್‌ನ ಮೊದಲ ಸೆಟ್ ಕೂಡ ಟೈ ಬ್ರೇಕರ್‌ಗೇ ಹೋಗಿತ್ತು, ಅದು ಮುಗಿದಿದ್ದು 7–0ಯಲ್ಲಿ. 2025ರ ನವೆಂಬರ್ 1ಕ್ಕೆ ನಿವೃತ್ತಿ ಹೇಳಿದ್ರು.

ಬೋಪಣ್ಣ ಕಷ್ಟಪಟ್ರು, ನೀವೂ ಪಡಿ ಅಂತ ಹೇಳೋಕೆ ನಾನು ಇದನ್ನ ತರ್ಲಿಲ್ಲ. ಮಂಡಿ ಸವೆದಾಗ ಅವರಿಗೆ ನಲವತ್ತರ ಹತ್ತಿರ ವಯಸ್ಸು. ಏನು ಮಾಡ್ಬೇಕು ಅಂತ ಅವರೇ ತೀರ್ಮಾನ ಮಾಡೋ ವಯಸ್ಸು. ಪಕ್ಕದಲ್ಲಿ ಫಿಸಿಯೋ, ಕೋಚು ಇದ್ರು. ಹೈಸ್ಕೂಲ್ ಫೈನಲ್‌ನಲ್ಲಿ ನಮ್ಮ ಕ್ಯಾಪ್ಟನ್ ಪಕ್ಕದಲ್ಲಿ ಇದ್ದವನು ನಾನು. ನೀರಿನ ಕ್ಯಾನ್ ಹಿಡ್ಕೊಂಡು.

ಮತ್ತೆ ತೆಜುಕಾ ಕಥೆಗೆ. ಚಿಕಿತ್ಸೆ ಮುಗಿಸ್ಕೊಂಡು ಅವನು ರಾಷ್ಟ್ರೀಯ ಟೂರ್ನಮೆಂಟಿಗೆ ವಾಪಸ್ ಬರ್ತಾನೆ. ಫೈನಲ್‌ನಲ್ಲಿ ಸನಾದಾ ಎದುರು ಮತ್ತೆ ಕೈ ಸುಟ್ಕೊಳ್ತಾನೆ. ಎದುರಾಳಿಯ ಚೆಂಡೆಲ್ಲ ಗೆರೆಯಾಚೆ ಹೋಗೋ ಹಾಗೆ ತಿರುವು ಕೊಡೋ ಒಂದು ತಂತ್ರ ಇದೆ ಅವನಲ್ಲಿ, ಕೈಗೆ ವಿಪರೀತ ಹೊರೆ, ಅದನ್ನೇ ಬಳಸ್ತಾನೆ. 5–7ರಲ್ಲಿ ಸೋಲ್ತಾನೆ. ಇಲ್ಲಿ ನನಗೆ ಕೊನೊಮಿ ಅವರ ಮೇಲೆ ಸಿಟ್ಟೇ ಬಂತು. ಒಂದು ಸಲ ಹೇಳಿದ್ದು ಸಾಲದಾ? ಅಷ್ಟು ದೂರ ಕಳಿಸಿ ರಿಪೇರಿ ಮಾಡಿಸಿದ ಕೈನ ಮತ್ತೆ ಅದೇ ಕೆಲಸಕ್ಕೆ ಹಚ್ಚೋದಾ?

ಆದ್ರೆ 2009ರಲ್ಲಿ ಶುರುವಾದ ಎರಡನೇ ಸರಣಿ ‘ದಿ ನ್ಯೂ ಪ್ರಿನ್ಸ್ ಆಫ್ ಟೆನಿಸ್’ನಲ್ಲಿ ಒಂದು ದೃಶ್ಯ ಇದೆ. ಅಲ್ಲಿ ಹದಿನೇಳರೊಳಗಿನವರ ದೊಡ್ಡ ಕ್ಯಾಂಪು. ಅಲ್ಲಿ ತೆಜುಕಾಗೆ ಎದುರಾಳಿಯಾಗಿ ಸಿಗೋದು ಯಾರು ಗೊತ್ತಾ, ಅದೇ ಯಾಮಾತೊ. ಕಂಬ ಆಗು ಅಂದಿದ್ದ ಹಳೇ ಕ್ಯಾಪ್ಟನ್. ಆಡ್ತಾ ಆಡ್ತಾ ಅವನೇ ತೆಜುಕಾಗೆ ತಿಳಿಹೇಳ್ತಾನೆ, ಸೇಗಾಕುಗೋಸ್ಕರ ಹೊತ್ತಿದ್ದು ಸಾಕು, ಇನ್ನು ನಿನಗೋಸ್ಕರ ಆಡು ಅನ್ನೋ ಅರ್ಥದಲ್ಲಿ. ತೆಜುಕಾ ಕ್ಯಾಂಪ್ ಬಿಟ್ಟು ಪ್ರೊಫೆಷನಲ್ ಆಗೋಕೆ ಜರ್ಮನಿಗೆ ಹೊರಡ್ತಾನೆ.

42 ಸಂಪುಟ ಮುಗಿದ ಮೇಲೆ, ಹೊರೆ ಹೊರಿಸಿದವನೇ ಬಂದು ಇಳಿಸ್ತಾನೆ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟ ಆಗಿದ್ದು ಇದು, 35–37 ಅಲ್ಲ. ಅವತ್ತು ಆ ದೃಶ್ಯ ನೋಡಿ ಫೋನ್ ಕೆಳಗಿಟ್ಟೆ. ಕ್ಯಾಪ್ಟನ್ ಮನೆ ನಮ್ಮನೆಯಿಂದ ಮೂರು ಕಿಲೋಮೀಟರು. ಹೋಗ್ಲಿಲ್ಲ. ಇನ್ನೂ ಮೂರ್ನಾಲ್ಕು ವರ್ಷ ಹೋಗ್ಲಿಲ್ಲ. ಹಬ್ಬದಲ್ಲಿ ಸಿಕ್ಕಾಗ ಅಡಿಕೆ ರೇಟು ಮಾತಾಡಿ ಬರೋದು.

ಮೊನ್ನೆ ಹೋಗಿದ್ದೆ. ಈಗ ಅವನದು ಒಂದು ಪಿಕಪ್ ಗಾಡಿ ಇದೆ, ಬಾಡಿಗೆಗೆ ಓಡಿಸ್ತಾನೆ, ಮನೆಯ ತೋಟ ಇದೆ, ಮಗಳಿಗೆ ಎರಡು ವರ್ಷ. ಮೇಲಿನ ಶೆಲ್ಫಿಂದ ಏನಾದ್ರೂ ತೆಗೀಬೇಕಾದ್ರೆ ಎಡಗೈ ಎತ್ತುತ್ತಾನೆ. ಅವನ ಹೆಂಡತಿ ಕಾಫಿ ಕೊಟ್ರು. ಅವರು ಒಳಗೆ ಹೋದ್ಮೇಲೆ ನಾನು ತೆಜುಕಾ ಕಥೆ ಪೂರ್ತಿ ಹೇಳ್ದೆ. ಸುತ್ತು ಬಳಸಿ, ಈಗ ನಿಮಗೆ ಹೇಳಿದ ಹಾಗೇ. ಅವನು ಮಧ್ಯೆ ಮಾತಾಡ್ಲಿಲ್ಲ. ಟೈ ಬ್ರೇಕರ್ ಭಾಗ ಬಂದಾಗ ‘ಅತೋಬೆ ಬುದ್ಧಿವಂತ’ ಅಂದ, ಅಷ್ಟೇ.

ಕೊನೆಗೆ ಹೇಳ್ದೆ. ಅವತ್ತು ನಾನು ಹೆದರಿದ್ದೆ ಕ್ಯಾಪ್ಟನ್. ನಿನ್ನ ಕೈ ನೋಯ್ತಿದೆ ಅಂತ ನನಗೆ ಗೊತ್ತಿತ್ತು. ಲೋಟ ನೋಡಿದ್ದೆ. ನಾನು ಆಡ್ಬೇಕಾಗುತ್ತಲ್ಲ ಅಂತ ಹಾಗಂದೆ.

ಅವನು ಸ್ವಲ್ಪ ಹೊತ್ತು ಹೊರಗೆ ಮಳೆ ನೋಡ್ತಿದ್ದ. ಆಮೇಲೆ, ‘ಗೊತ್ತಿತ್ತು ಮಾರಾಯ’ ಅಂದ.

‘ಗೊತ್ತಿತ್ತಾ?’

‘ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅವತ್ತು ಸಿಟ್ಟು ಬಂದಿತ್ತು. ಸುಮಾರು ವರ್ಷ ಇತ್ತು. ಎರಡು ಸಲ ನಿನ್ನ ನೋಡಿ ದಾರಿ ತಪ್ಪಿಸ್ಕೊಂಡು ಹೋಗಿದೀನಿ, ನಿಂಗೆ ಗೊತ್ತಾಗ್ಲಿಲ್ಲ.’ ನಿಜ, ನನಗೆ ಗೊತ್ತಾಗಿರ್ಲಿಲ್ಲ. ಆಮೇಲೆ ನಕ್ಕು, ‘ನೀನು ಇಳಿದಿದ್ರೂ ಸೋಲ್ತಿದ್ವಿ. ನಿನ್ನ ಸರ್ವಿಸ್ ನೆಟ್ ದಾಟ್ತಿರ್ಲಿಲ್ಲ’ ಅಂದ. ‘ಆದ್ರೆ ಇಳೀಬೇಕಿತ್ತು ಕಣೋ.’

ಈ ಎಪಿಸೋಡ್ ಮಾಡ್ಲಾ ಅಂತ ಕೇಳ್ದೆ. ಹೆಸರು ಹಾಕ್ಬೇಡ, ಉಳಿದಿದ್ದು ನಿನ್ನಿಷ್ಟ ಅಂದ. ಹೊರಡುವಾಗ ಒಂದು ವಿಷಯ ಹೇಳಿದ. ಈಗ ಸಂಜೆ ಹೊತ್ತು ಊರಿನ ಹುಡುಗ್ರಿಗೆ ವಾಲಿಬಾಲ್ ಹೇಳಿಕೊಡ್ತಾನಂತೆ, ಕೋರ್ಟ್ ಒಣಗಿದ್ರೆ. ಅಲ್ಲಿ ಅವನದು ಒಂದೇ ರೂಲು, ಎಲ್ಲರೂ ಎಲ್ಲಾ ಜಾಗದಲ್ಲೂ ಆಡ್ಬೇಕು. ಎಕ್ಸ್‌ಟ್ರಾ ಕೂಡ ಒಂದು ಸೆಟ್ ಆಡ್ಲೇಬೇಕು, ಸೋತ್ರೂ ಸರಿ. ‘ನಾಳೆ ಮಳೆ ಬಿಟ್ರೆ ಬಾ, ಲಿಫ್ಟರ್ ಕಡಿಮೆ ಇದಾರೆ’ ಅಂದ.

ಮಳೆ ಇನ್ನೂ ಬಿಟ್ಟಿಲ್ಲ, ಕೇಳ್ತಿದೆಯಲ್ಲ. ಅಮ್ಮ ಊಟಕ್ಕೆ ಕರೀತಿದ್ದಾರೆ. ಮುಂದಿನ ವಾರ ಸಿಗೋಣ.